ವೆಂಕಟಯ್ಯನವರ ಗಡ್ಡವೂ ಉಪ್ಪಾರಹಳ್ಳಿ ತಂಡವೂ

ತುಮಕೂರಿನ ಉಪ್ಪಾರಹಳ್ಳಿಯಲ್ಲಿ ವೆಂಕಟಯ್ಯನವರ ತಟ್ಟೆ ಇಡ್ಲಿ ಹೋಟೆಲಿಗೆ ಬೋರ್ಡು ಅಂತ ಇಲ್ಲ. ಬೋರ್ಡು ಇರಬೇಕಾದ ಜಾಗದಲ್ಲಿ ಉಪ್ಪಾರಹಳ್ಳಿ ಫುಟ್‌ಬಾಲ್ ತಂಡದ ಹುಡುಗರು ಹಳದಿ ಅಂಗಿ ತೊಟ್ಟು, ಗೆದ್ದ ಕಪ್ಪು ಹಿಡಿದು ನಿಂತ ಫ್ಲೆಕ್ಸು ಇದೆ. ಅದರ ಮೂಲೆಯಲ್ಲಿ, ಆಟಗಾರರಿಗಿಂತ ದೊಡ್ಡದಾಗಿ, ವೆಂಕಟಯ್ಯನವರು ಕೈಮುಗಿದ ಫೋಟೊ. ಫ್ಲೆಕ್ಸಿನ ಖರ್ಚು ಅವರದಾದ್ದರಿಂದ ಯಾರೂ ತಕರಾರು ತೆಗೆದಿಲ್ಲ.

ವೆಂಕಟಯ್ಯನವರು ಜನ್ಮದಲ್ಲಿ ಚೆಂಡು ಒದ್ದವರಲ್ಲ. ಗುಬ್ಬಿ ಕಡೆಯ ಹಳ್ಳಿಯಿಂದ ಬಂದು, ಕಂಡವರ ಹೋಟೆಲಿನಲ್ಲಿ ಲೋಟ ತೊಳೆದು, ಆಮೇಲೆ ಮೈದಾನದ ಪಕ್ಕ ಸ್ವಂತ ಗಾಡಿ ಇಟ್ಟವರು. ಒಂದು ಸಂಜೆ ಹುಡುಗರು ಒದ್ದ ಚೆಂಡು ಹಾರಿ ಬಂದು ನೇರ ಚಟ್ನಿ ಪಾತ್ರೆಗೆ ಬಿತ್ತು. ಬೈಯಲು ಬಾಯಿ ತೆರೆದವರು, ಚೆಂಡು ಬಂದ ದೂರವನ್ನೂ ಪಾತ್ರೆಯ ಬಾಯಿಯನ್ನೂ ಎರಡೆರಡು ಸಲ ನೋಡಿ, "ಯಾವನ್ಲಾ ಅವ್ನು ಒದ್ದೋನು? ಬಾರ್ಲಾ ಇಲ್ಲಿ, ಇಡ್ಲಿ ತಿನ್ನು" ಅಂದರಂತೆ. ಅಂದು ಹತ್ತಿದ ಹುಚ್ಚು ಗಾಡಿ ಹೋಗಿ ಹೋಟೆಲಾದರೂ ಇಳಿಯಲಿಲ್ಲ.

ಪ್ರತಿ ವರ್ಷ ಜಿಲ್ಲಾ ಲೀಗಿನ ಮೊದಲ ಪಂದ್ಯದ ಮುನ್ನಾದಿನ ಅವರು ಬೀದಿ ಕೊನೆಯ ಆಂಜನೇಯನ ಮುಂದೆ ನಿಂತು, ತಂಡ ಒಂದು ಪಂದ್ಯ ಗೆಲ್ಲುವ ತನಕ ಗಲ್ಲಕ್ಕೆ ಕತ್ತಿ ತಾಗಿಸುವುದಿಲ್ಲ ಎಂದು ಹರಕೆ ಹೊರುತ್ತಿದ್ದರು. ತಂಡ ಪ್ರತಿ ವರ್ಷ ಮೊದಲ ಪಂದ್ಯ ಗೆಲ್ಲುತ್ತಿತ್ತು. ಇವರು ಮಾರನೆಯ ದಿನ ಹೋಗಿ ಕ್ಷೌರ ಮಾಡಿಸಿಕೊಂಡು ಬರುತ್ತಿದ್ದರು. ದೇವರಿಗೂ ಹೊರೆಯಿಲ್ಲ, ಗಲ್ಲಕ್ಕೂ ಹೊರೆಯಿಲ್ಲ. ಅಷ್ಟು ಸಲೀಸಾದ ಹರಕೆ.

ಈ ವರ್ಷ ಮೊದಲ ಪಂದ್ಯದಲ್ಲಿ ಗುಬ್ಬಿಯವರು ಉಪ್ಪಾರಹಳ್ಳಿ ಹುಡುಗರನ್ನು ಅಟ್ಟಾಡಿಸಿ ಸೋಲಿಸಿದರು. ಎರಡನೆಯದರಲ್ಲಿ ತಿಪಟೂರು, ಮೂರನೆಯದರಲ್ಲಿ ಶಿರಾ. ವೆಂಕಟಯ್ಯನವರ ಗಡ್ಡ ಮಳೆ ಕೈಕೊಟ್ಟ ರಾಗಿ ಹೊಲದಂತೆ ಅಲ್ಲೊಂದು ಇಲ್ಲೊಂದು ಎದ್ದು, ಬೆಳ್ಳಗೆ ಹಬ್ಬಿತು.

ಹೆಂಡತಿ ಬಸುರಿಯಾದರೆ ಗಂಡ ಕ್ಷೌರ ಮಾಡಿಸುವುದಿಲ್ಲ ಎಂಬುದು ಈ ಕಡೆಯ ಪದ್ಧತಿ. ಆಟೋ ಓಡಿಸುವ ಅನಂತರಾಜು ಅದನ್ನೇ ಹಿಡಿದುಕೊಂಡ. ಒಂದು ಬೆಳಿಗ್ಗೆ ಇಡ್ಲಿಗೆ ಬೆಣ್ಣೆ ಸವರಿಕೊಳ್ಳುತ್ತಾ, ಹೋಟೆಲಿಗೆಲ್ಲ ಕೇಳುವಂತೆ, "ಏನಣ್ಣೋ, ಗಿರಿಯಕ್ಕಂಗೆ ಎಷ್ಟ್ ತಿಂಗ್ಳು?" ಅಂದ.

ಒಳಗೆ ಇಡ್ಲಿ ಬೇಯಿಸುತ್ತಿದ್ದ, ವೆಂಕಟಯ್ಯನವರ ಹೆಂಡತಿ ಗಿರಿಯಮ್ಮನವರಿಗೆ ಅರವತ್ತು ಹತ್ತಿರ. ಸೌಟು ಹಿಡಿದೇ ಬಾಗಿಲಿಗೆ ಬಂದರು.

"ಲೇ ಅನಂತರಾಜು, ಹಬೆಯಾಡೋ ಇಡ್ಲಿ ಹಂಗೇ ನಿನ್ನ ಬಾಯಿಗೆ ತುರುಕ್ತೀನಿ ನೋಡು!"

"ತುರುಕಕ್ಕ, ದುಡ್ಡು ಉಳೀತು."

ನಗು ನಿಲ್ಲುವಷ್ಟರಲ್ಲಿ ತಂಡದ ಮುಂಚೂಣಿ ಆಟಗಾರ ರೇಣುಕಾಪ್ರಸಾದನೂ ಕೋಚ್ ಗುರುಪ್ರಕಾಶನೂ ಒಳಗೆ ಬಂದರು. ರೇಣುಕಾಪ್ರಸಾದನ ಕಾಲಲ್ಲಿ ಗಿಣಿಹಸಿರು ಬಣ್ಣದ ಹೊಸ ಬೂಟು. ಕೂರುವ ಮುಂಚೆ ಅವನು ಬೂಟಿನ ಧೂಳನ್ನು ಕರ್ಚೀಫಿನಿಂದ ಒರೆಸಿದ.

"ಚೆಂಡು ಎದುರಿಗೆ ಬಂದ್ರೆ ಬೂಟ್ ಕೊಳೆಯಾಗ್ತದೆ ಅಂತ ಕಾಲು ಎಳ್ಕೊತೀಯಲ್ಲಪ್ಪ," ಎಂದರು ವೆಂಕಟಯ್ಯನವರು.

"ಇನ್ನೂ ಕಾಲಿಗೆ ಸೆಟ್ ಆಗಿಲ್ಲ ಅಣ್ಣ."

"ನಿನ್ನ ಬೂಟು ಸೆಟ್ ಆಗೋ ಹೊತ್ಗೆ ನನ್ನ ಗಡ್ಡ ಹೊಕ್ಕಳಿಗೆ ಬತ್ತದೆ."

ಗುರುಪ್ರಕಾಶ ಯಾವುದೋ ವಿಡಿಯೋ ನೋಡಿ ಈ ವರ್ಷ ಒಂದು ಮಾತು ಕಲಿತಿದ್ದ. "ಪ್ರೋಸೆಸ್ ನಡೀತಿದೆ ಸಾರ್. ರಿಸಲ್ಟ್ ನೋಡ್ಬಾರ್ದು, ಪ್ರೋಸೆಸ್ ನೋಡ್ಬೇಕು."

"ಹಿಟ್ಟು ಹುಳಿ ಬರೋದೂ ಪ್ರೋಸೆಸ್ಸೇ ಕಣಪ್ಪ," ಎಂದರು ಗಿರಿಯಮ್ಮನವರು ಒಳಗಿನಿಂದ. "ಮೂರ್ ದಿನ ಬುಟ್ರೆ ಚೆಲ್ಲಬೇಕಾಯ್ತದೆ."

ಇಷ್ಟಾಗಿದ್ದರೆ ವೆಂಕಟಯ್ಯನವರು ತಡೆದುಕೊಳ್ಳುತ್ತಿದ್ದರು. ಆದರೆ ಮಗಳು ಮೋನಿಕಾಳ ನಿಶ್ಚಿತಾರ್ಥ ಹತ್ತಿರ ಬಂದಿತ್ತು. ಗಂಡು ಕುಣಿಗಲ್ಲಿನವನು, ಅವನ ತಂದೆ ಲಕ್ಷ್ಮೀನರಸಿಂಹಯ್ಯ, ತಾಲ್ಲೂಕು ಕಚೇರಿಯಲ್ಲಿದ್ದು ನಿವೃತ್ತರಾದವರು. ಗಿರಿಯಮ್ಮನವರು ಒಂದು ಮಧ್ಯಾಹ್ನ, ಗಿರಾಕಿಗಳೆಲ್ಲ ಹೋದ ಮೇಲೆ, ಕೈ ಒರೆಸಿಕೊಂಡು ಬಂದು ಗಂಡನ ಎದುರಿಗೆ ಕೂತರು.

"ನೋಡ್ರಿ, ಹಸೆ ಮೇಲೆ ಈ ಗಡ್ಡದ ಪಕ್ಕ ನಾನು ಕೂರಾಕಿಲ್ಲ. ನಮ್ಮಕ್ಕನ್ನ ಕೂರಿಸ್ಕೊಳಿ."

"ದೇವ್ರಿಗೆ ಮಾತು ಕೊಟ್ಟಿದೀನಿ ಕಣೇ."

"ದೇವ್ರು ಕೇಳಿದ್ನಾ? ಅವ್ನಿಗೆ ಬೇರೆ ಕೆಲ್ಸ ಇಲ್ವಾ? ಊರೆಲ್ಲ ನನ್ನ ಹೊಟ್ಟೆ ನೋಡ್ತವ್ರೆ. ಬೀಗ್ರ ಮುಂದೆನೂ ನೋಡುಸ್ಕೋಬೇಕಾ?"

ವೆಂಕಟಯ್ಯನವರಿಗೆ ಮಗಳ ಹಸೆಯ ಮೇಲೆ ಹೆಂಡತಿಯಿಲ್ಲದೆ ಕೂರುವುದು ಸಾವಿನ ಸಮಾನ. ಹರಕೆ ಮುರಿದು ಕೂರುವುದು ಅದಕ್ಕಿಂತ ಕಡೆ. ಉಳಿದ ದಾರಿ ಒಂದೇ. ನಿಶ್ಚಿತಾರ್ಥಕ್ಕೆ ಮುಂಚಿನ ಭಾನುವಾರ ತಂಡಕ್ಕೆ ಇನ್ನೊಂದು ಪಂದ್ಯವಿತ್ತು, ಅದೂ ಕುಣಿಗಲ್ಲಿನಲ್ಲಿ, ಕುಣಿಗಲ್ಲಿನವರ ಮೇಲೆಯೇ.

ಆ ಭಾನುವಾರ ಛತ್ರದ ಮಾತುಕತೆಯ ನೆಪದಲ್ಲಿ ಗಂಡಹೆಂಡತಿ ಇಬ್ಬರೂ ಬೀಗರ ಮನೆಗೆ ಹೋದರು. ಊಟವಾಯಿತು. ಗಡ್ಡದ ಸಂಗತಿ ತಿಳಿದಿದ್ದ ಲಕ್ಷ್ಮೀನರಸಿಂಹಯ್ಯನವರು ಎಲೆಯಡಿಕೆ ಹಾಕಿಕೊಂಡು, "ಬನ್ನಿ ಬೀಗ್ರೇ, ನಿಮ್ಮ ಗಡ್ಡಕ್ಕೆ ಇನ್ನೊಂದ್ ವಾರ ಆಯುಸ್ಸು ಕೊಡ್ಸ್ತೀನಿ" ಎಂದು ಎದ್ದರು. ಗಿರಿಯಮ್ಮನವರು ಅದುವರೆಗೆ ಒಂದು ಪಂದ್ಯವನ್ನೂ ನೋಡಿರಲಿಲ್ಲ. ಬೀಗರ ಮನೆಯಲ್ಲಿ ಒಬ್ಬರೇ ಕೂತು ಏನು ಮಾಡುವುದೆಂದು ಹಿಂದೆಯೇ ಹೊರಟರು. ಅವರಿಗೆ ಮೈದಾನದ ಅಂಚಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿದರು.

ಆಟ ಶುರುವಾದ ಸ್ವಲ್ಪ ಹೊತ್ತಿಗೇ ರೇಣುಕಾಪ್ರಸಾದ ಗೋಲು ಹೊಡೆದುಬಿಟ್ಟ. ಹೇಗೆ ಹೊಡೆದನೆಂದು ಅವನಿಗೂ ತಿಳಿಯಲಿಲ್ಲ. ಚೆಂಡು ಅವನ ಬೆನ್ನಿಗೆ ತಾಗಿ ಒಳಗೆ ಹೋಗಿತ್ತು. ಆದರೆ ಗೋಲು ಗೋಲೇ. ವೆಂಕಟಯ್ಯನವರಿಗೆ ಗಲ್ಲದ ಮೇಲೆ ಆಗಲೇ ಸೋಪಿನ ನೊರೆ ತಣ್ಣಗೆ ತಾಗಿದಂತಾಯಿತು.

ಆ ತಂಪು ಬಹಳ ಹೊತ್ತು ಉಳಿಯಲಿಲ್ಲ. ಕುಣಿಗಲ್ ಹುಡುಗರು ಒಂದು ಗೋಲು ತೀರಿಸಿ, ಬೆನ್ನಿಗೇ ಇನ್ನೊಂದನ್ನು ಹಾಕಿದರು.

"ನಮ್ಮೂರ ಗಾಳಿನೇ ಅಂಥದ್ದು ಬೀಗ್ರೇ," ಎಂದರು ಲಕ್ಷ್ಮೀನರಸಿಂಹಯ್ಯ. "ಸ್ಟಡ್ ಫಾರಂನಾಗೆ ಕುದ್ರೆ ಓಡ್ತವೆ, ಫೀಲ್ಡ್‌ನಾಗೆ ಹುಡುಗ್ರು ಓಡ್ತಾರೆ."

ಆಟ ಮುಗಿಯುವ ಹೊತ್ತಿಗೆ ರೇಣುಕಾಪ್ರಸಾದ ಮತ್ತೆ ಚೆಂಡನ್ನು ಬಲೆಗೆ ಹಾಕಿದ. ಈ ಸಲ ಕಾಲಿನಿಂದಲೇ. ಗಿರಿಯಮ್ಮನವರು ತಮಗೇ ಅರಿವಿಲ್ಲದೆ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ರೆಫರಿ ಶಿಳ್ಳೆ ಊದಿ, ಗೋಲು ಇಲ್ಲವೆಂದು ಕೈ ಎತ್ತಿದ.

"ಯಾಕಂತೆ? ಒಳಗೆ ಹೋಗ್ಲಿಲ್ವಾ?"

"ಆಫ್‌ಸೈಡು ಕಣೇ. ಚೆಂಡು ಬರೋಕ್ ಮುಂಚೆನೇ ಇವ್ನು ಮುಂದಕ್ಕೆ ಹೋಗಿ ನಿಂತಿದ್ದ. ಎಲೆ ಹಾಕೋಕ್ ಮುಂಚೆ ಪಂಕ್ತೀಲಿ ಹೋಗಿ ಕೂತಂಗೆ."

"ಹಸಿದೋನು ಮುಂಚೆ ಹೋಗಿ ಕೂತ್ರೆ ತಪ್ಪೇನು? ಇವ್ನಪ್ಪನ ಮನೆ ಊಟವಾ?" ಗಿರಿಯಮ್ಮನವರು ಎದ್ದು ನಿಂತರು. "ಏಯ್ ಶಿಳ್ಳೆಯಪ್ಪಾ! ಕಣ್ಣಿಗೆ ಹರಳೆಣ್ಣೆ ಹಾಕ್ಕೊಂಡ್ ಬಂದಿದೀಯಾ?"

ಕುಣಿಗಲ್ಲಿನ ಜನವೆಲ್ಲ ಈ ಕಡೆ ತಿರುಗಿತು. ಬೀಗರಿಗೆ ನಗು ತಡೆಯಲಾಗಲಿಲ್ಲ.

"ಹೋಗ್ಲಿ ಬುಡಿ ಬೀಗತಿಯವ್ರೇ. ಶಿಳ್ಳೆದಲ್ಲ ತಪ್ಪು. ನಿಮ್ಮ ಹುಡುಗ್ರು ನಿಮ್ಮ ಇಡ್ಲಿ ತಿಂದು ತಿಂದು ಭಾರ ಆಗವ್ರೆ, ಕಾಲು ಮೇಲೇಳ್ತಿಲ್ಲ."

ಗಿರಿಯಮ್ಮನವರು ಸೆರಗು ಸರಿಮಾಡಿಕೊಂಡು ಕುರ್ಚಿಯಲ್ಲಿ ಕೂತರು. ಪಂದ್ಯ ಹಾಗೆಯೇ ಸೋತು ಮುಗಿಯಿತು. ತುಮಕೂರಿನ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವರು ಕಿಟಕಿಯಾಚೆ ನೋಡುತ್ತಿದ್ದರು. ಗಂಡ ಕಡಲೆಕಾಯಿ ಕೊಡಿಸಿದರೂ ತಿನ್ನಲಿಲ್ಲ. ಹಸೆ ಮೇಲೆ ಕೂರುವುದಿಲ್ಲ ಎಂಬ ಹಟ ಗಟ್ಟಿಯಾಯಿತೆಂದೇ ವೆಂಕಟಯ್ಯನವರು ತಿಳಿದು ಒಳಗೊಳಗೇ ಕೊರಗಿದರು.

ಬೆಳಗಾಗುತ್ತಲೇ ಅವರು ಆಂಜನೇಯನ ಗುಡಿಗೆ ಹೋಗಿ ಅಡ್ಡಬಿದ್ದರು. ಹರಕೆ ಮಾಫಿ ಮಾಡಬೇಕೆಂದು ಬೇಡಿಕೊಂಡು ಹೂವು ಕೇಳಿದರು. ಬಲಕ್ಕೆ ಬಿದ್ದರೆ ಅಪ್ಪಣೆ, ಎಡಕ್ಕೆ ಬಿದ್ದರೆ ಇಲ್ಲ. ಪೂಜಾರಪ್ಪ ಮಂಗಳಾರತಿ ಎತ್ತಿದ. ಹೂವು ಅಲುಗಲಿಲ್ಲ. ಇನ್ನೊಂದು ಸಲ ಎತ್ತಿದ. ಆಗಲೂ ಇಲ್ಲ. ವೆಂಕಟಯ್ಯನವರು ಕಣ್ಣುಮುಚ್ಚಿ, "ಸ್ವಾಮಿ, ನಿನಗಾದ್ರೆ ಹೆಂಡ್ತಿ ಇಲ್ಲ, ನನ್ನ ಪಾಡು ನಿನಗೆಂಗೆ ಗೊತ್ತಾಗ್ಬೇಕು" ಎಂದು ಗದ್ಗದಿಸಿದರು. ಹೂವು ಟಪ್ಪನೆ ಬಲಕ್ಕೆ ಬಿತ್ತು.

ಅವರು ಪ್ರಸಾದ ತಿನ್ನುವುದಕ್ಕೂ ನಿಲ್ಲದೆ ಸೆಲೂನಿಗೆ ಓಡಿದರು. ಕುರ್ಚಿಯಲ್ಲಿ ಕೂತು, ಕೊರಳಿಗೆ ಬಟ್ಟೆ ಸುತ್ತಿಸಿಕೊಂಡು, ಮುಖಕ್ಕೆಲ್ಲ ನೊರೆ ಬಳಿಸಿಕೊಂಡರು. ಕತ್ತಿ ಇನ್ನೇನು ತಾಗಬೇಕು, ಕನ್ನಡಿಯಲ್ಲಿ ಗಿರಿಯಮ್ಮನವರು ಕಂಡರು.

"ಏಳ್ರಿ ಮ್ಯಾಕೆ."

"ಅಪ್ಪಣೆ ಆಯ್ತು ಕಣೇ! ಹೂವು ಬಲಕ್ಕೆ ಬಿತ್ತು."

"ದೇವ್ರು ದೊಡ್ಡೋನು, ಬುಟ್ಬುಟ್ಟ. ಆ ನರಸಿಂಹಯ್ಯ ಬುಡ್ತಾನಾ? ಸೋಲು ಒಪ್ಕೊಂಡು ಬೋಳಿಸ್ಕೊಂಡು ಬಂದವ್ರೆ ಅಂತ ಹಸೆ ಮೇಲೆನೇ ಹೇಳ್ಕೊಂಡು ನಗ್ತಾನೆ. ನನ್ನ ಇಡ್ಲಿ ಭಾರವಂತೆ, ನನ್ನ ಇಡ್ಲಿ!"

"ನೀನೇ ಅಲ್ವೇನೇ, ಗಡ್ಡದ ಪಕ್ಕ ಕೂರಾಕಿಲ್ಲ ಅಂದೋಳು?"

"ಅಂದಿದ್ದೆ. ಈಗ ಹೇಳ್ತಿದೀನಿ, ಗಡ್ಡ ಇಲ್ದಿದ್ರೆ ಕೂರಾಕಿಲ್ಲ. ನಮ್ಮುಡುಗ್ರು ಗೆದ್ದಮ್ಯಾಕೆ ತೆಗೀರಿ. ಏಳ್ರಿ, ಮುಖ ತೊಳ್ಕೊಳಿ."

ಕತ್ತಿ ಹಿಡಿದವನು ಇಬ್ಬರ ಮುಖವನ್ನೂ ನೋಡಿ, ಕತ್ತಿ ಮಡಿಸಿ ಜೇಬಿಗಿಟ್ಟ. ನೊರೆ ಒರೆಸಿಕೊಂಡು ಹೊರಬಂದ ವೆಂಕಟಯ್ಯನವರನ್ನು ಗಿರಿಯಮ್ಮನವರು ಬೀದಿಯಲ್ಲಿ ಮುಂದೆ ಬಿಟ್ಟುಕೊಂಡು ಮನೆಗೆ ನಡೆಸಿದರು.

ನಿಶ್ಚಿತಾರ್ಥದ ದಿನ ಅವರೇ ಗಂಡನ ಗಡ್ಡಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ, ಬಾಚಿ, ಎರಡು ಕಡೆಯೂ ಸಮ ಮಾಡಿ ಕಳಿಸಿದರು. ಮೋನಿಕಾ, "ಅಮ್ಮ, ಫೋಟೋದಲ್ಲಿ ಅಪ್ಪ ಯಾವುದೋ ಮಠದಿಂದ ಬಂದಂಗೆ ಕಾಣ್ತಾರೆ" ಅಂದರೆ, "ಕಾಣ್ಲಿ, ಕಾಲಿಗ್ ಬೀಳ್ತಾರೆ" ಎಂದರು. ಲಕ್ಷ್ಮೀನರಸಿಂಹಯ್ಯನವರು ಏನೋ ಹೇಳಲು ಬಾಯಿ ತೆರೆದರು. ಪಕ್ಕದಲ್ಲಿ ಕೂತಿದ್ದ ಬೀಗತಿಯ ಕಣ್ಣು ನೋಡಿ ಬಾದಾಮಿ ಹಾಲು ಕುಡಿದರು.

ಉಂಗುರ ಬದಲಾಯಿತು. ಪುರೋಹಿತರು ಪಂಚಾಂಗ ಬಿಡಿಸಿ ಮದುವೆಗೆ ದಿನ ನೋಡಿದರು. "ಬರೋ ತಿಂಗಳ ಎರಡನೇ ಭಾನುವಾರ ಬಹಳ ಪ್ರಶಸ್ತವಾಗಿದೆ. ಎರಡೂ ಕಡೆಗೆ ತಾರಾಬಲ ಕೂಡಿದೆ."

"ಅವತ್ತಾಗಲ್ಲ ಸ್ವಾಮಿ," ಎಂದರು ಗಿರಿಯಮ್ಮನವರು ಥಟ್ಟನೆ.

"ಯಾಕಮ್ಮ?"

"ಗುಬ್ಬಿಯವ್ರು ತಿರ್ಗಾ ಆಡಾಕೆ ನಮ್ಮೂರಿಗೆ ಬತ್ತಾರೆ. ಮ್ಯಾಚ್ ಐತೆ."

ಮೋನಿಕಾ ಹಣೆಗೆ ಕೈ ಹಚ್ಚಿಕೊಂಡಳು. ಲಕ್ಷ್ಮೀನರಸಿಂಹಯ್ಯನವರು ಕೆಮ್ಮಿ, "ಅದೂ ಸರಿನೇ ಸ್ವಾಮಿ. ನಮ್ಗೂ ಅವತ್ತು ಶಿರಾದಲ್ಲಿ ಐತೆ" ಎಂದರು.

"ಹಂಗಾರೆ ಬುಧವಾರ ನೋಡಿ," ಎಂದರು ಗಿರಿಯಮ್ಮನವರು. "ಬುಧವಾರ ಯಾವ ಊರಿನೋರೂ ಆಡಾಕಿಲ್ಲ. ನಾನು ಗುರುಪ್ರಕಾಶನ್ನ ಕೇಳ್ಕೊಂಡೇ ಬಂದಿದೀನಿ."

ಪುರೋಹಿತರ ಬೆರಳು ಪಂಚಾಂಗದ ಮೇಲೆ ಬುಧವಾರ ಹುಡುಕುತ್ತಾ ಹೊರಟಿತು. ವೆಂಕಟಯ್ಯನವರು ತಲೆ ತಗ್ಗಿಸಿ, ಯಾರಿಗೂ ಕಾಣದಂತೆ ಗಡ್ಡದೊಳಗೇ ನಕ್ಕರು.