ಗೋವಿಂದ ಅನ್ನುವ ತನಕ

ನಾನು ಮಾಡಿದ ಗೇಟಿನ ಕೆಳಗಿನ ಸಂದನ್ನು ಕಳೆದ ತಿಂಗಳು ನಾನೇ ಹೋಗಿ ಮುಚ್ಚಿ ಬಂದೆ. ಮುಚ್ಚಿದ ಮೇಲೆ ನೆನಪಾಯಿತು, ಆ ಸಂದು ಯಾರಿಗೋಸ್ಕರ ಬಿಟ್ಟದ್ದು ಅಂತ.

ಬೂದಿಗೆರೆಯಲ್ಲಿ ನನ್ನದೊಂದು ಗ್ರಿಲ್ ಶೆಡ್ಡು ಇದೆ ಅನ್ನುವುದು ಈ ಅಂಕಣ ಓದುವವರಿಗೆ ಹೊಸದಲ್ಲ. ಏಳನೇ ಕ್ಲಾಸಿಗೆ ಪುಸ್ತಕ ಬಿಟ್ಟು ವೆಲ್ಡಿಂಗ್ ರಾಡು ಹಿಡಿದವನು ನಾನು. (ಕಾಗುಣಿತ ಮಗಳು ತಿದ್ದುತ್ತಾಳೆ. ಮಾತು ನನ್ನದೇ.) ಸುತ್ತಲಿನ ಹೊಲಗಳು ಲೇಔಟ್ ಆದಂತೆಲ್ಲ ನನ್ನ ಗೇಟುಗಳೂ ಹೆಚ್ಚಾದವು. ಯಾವ ರಸ್ತೆಗೆ ಹೊರಳಿದರೂ ನನ್ನ ಕೈಯ ಗೇಟು ಒಂದಾದರೂ ಕಾಣುತ್ತದೆ. ಇವತ್ತಿನವರೆಗೆ ಒಂದೂ ಜೋತು ಬಿದ್ದಿಲ್ಲ. ಜಂಬ ಅಂತೀರಾ? ಇರಲಿ. ದುಡಿದು ಸಂಪಾದಿಸಿದ ಜಂಬ.

ಗೇಟು ಹೆಚ್ಚಾದ ಹಾಗೆ ಗೇಟಿನ ಹೊರಗೆ ಬಿದ್ದ ನಾಯಿಗಳೂ ಹೆಚ್ಚಾದವು. ಕಾರಿನಲ್ಲಿ ಬರುತ್ತಾರೆ, ಕೆರೆ ಏರಿಯ ಮೇಲೆ ಇಳಿಸುತ್ತಾರೆ, ಹೋಗುತ್ತಾರೆ. ಅಂಥವನ್ನು ತಂದು ಶೆಡ್ಡಿನ ಹಿಂದೆ ಇಟ್ಟುಕೊಳ್ಳುತ್ತೇನೆ. ಉಳಿಕೆ ಸರಳಿನ ಗೂಡು, ಅನ್ನ, ಸೂಜಿ, ಔಷಧಿ. ಮೈ ಕೂಡಿದ ಮೇಲೆ ಒಳ್ಳೆಯ ಮನೆ ನೋಡಿ ಕೊಡುವುದು. ಇಷ್ಟು ನನ್ನ ಕೈಲಾದದ್ದು.

ಈಗ ಆ ಸಂದಿನ ವಿಚಾರ.

ಒಂದು ವಿಲ್ಲಾ ಲೇಔಟಿನಿಂದ ಫೋನು ಬಂತು. ಹೊಸದಾಗಿ ಬಾಡಿಗೆಗೆ ಬಂದ ಹೆಣ್ಣುಮಗಳು. “ಅಂಕಲ್, ಗೇಟ್ ಮೇಲೆ ನಿಮ್ಮ ನಂಬರ್ ಇತ್ತು. ಒಂದು ನಾಯಿ ದಿನಾ ಬಂದು ಗೇಟ್ ಕೆಳಗೆ ಮೂತಿ ತೂರಿಸುತ್ತೆ. ನಮ್ಮ ಪಾಪು ಈಗ ಅಂಬೆಗಾಲಿಡ್ತಾ ಇದೆ. ಭಯ ಆಗುತ್ತೆ. ಒಂದು ಶೀಟ್ ಹಾಕ್ಕೊಡ್ತೀರಾ?”

ಅವರದ್ದು ತಪ್ಪಲ್ಲ. ಮಗು ಇರುವ ಮನೆ.

ನಾನೂ ಮುನಿರಾಜನೂ ಲಗೇಜ್ ಆಟೋದಲ್ಲಿ ಮೆಷಿನ್ ಹಾಕಿಕೊಂಡು ಹೋದೆವು. ಮುನಿರಾಜ ನನಗಿಂತ ಎರಡು ವರ್ಷ ದೊಡ್ಡವನು, ಆದರೂ ‘ಅಣ್ಣ’ ಅನ್ನುತ್ತಾನೆ. ಶೆಡ್ಡು ಶುರುವಾದ ದಿನದಿಂದ ಜೊತೆಗಿದ್ದಾನೆ. ಗೇಟಿನ ಮುಂದೆ ಬಿಸ್ಕತ್ತು ಬಣ್ಣದ ಲ್ಯಾಬ್ರಡಾರ್ ನಾಯಿ ಮಲಗಿತ್ತು. ಪಕ್ಕೆಲುಬು ಎಣಿಸಬಹುದು. ಮೂತಿಯ ಮೇಲೆ ಚರ್ಮ ಕಿತ್ತು ಬಂದಿತ್ತು. ‘ಹಚಾ’ ಅಂದೆ. ಎದ್ದು ರಸ್ತೆಯ ಆಚೆ ಹೋಗಿ, ಮನೆಯ ಕಡೆ ಮುಖ ಮಾಡಿ ಕೂತಿತು.

ಬೀದಿ ನಾಯಿ ವೆಲ್ಡಿಂಗ್ ಕಿಡಿ ಕಂಡರೆ ಓಡಿಹೋಗುತ್ತದೆ. ಇದು ಅಲುಗಲಿಲ್ಲ. ಆಗಲೇ ನನಗೆ ತಿಳಿಯಬೇಕಿತ್ತು. ಆದರೆ ಕೆಲಸ ಮಾಡುವಾಗ ನನಗೆ ಕಬ್ಬಿಣ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ನೀಟಾಗಿ ಶೀಟು ಕೂರಿಸಿದೆ. ಬೆರಳು ತೂರದ ಹಾಗೆ.

ಶೀಟು ತಣ್ಣಗಾದ ಮೇಲೆ ನಾಯಿ ಮೆಲ್ಲಗೆ ಬಂತು. ಗೇಟಿನ ಈ ತುದಿಯಿಂದ ಆ ತುದಿಯವರೆಗೆ ಶೀಟಿನ ಅಂಚಿನುದ್ದಕ್ಕೂ ಮೂಗು ಎಳೆದುಕೊಂಡು ಹೋಯಿತು. ಎಲ್ಲೂ ಸಂದಿಲ್ಲ. ತಲೆ ಎತ್ತಿ ನನ್ನನ್ನು ನೋಡಿತು. ಎಡಗಿವಿಯ ತುದಿಯಲ್ಲಿ ಕತ್ತರಿ ಹಾಕಿದಂಥ ಒಂದು ಕಚ್ಚು.

“ಅಣ್ಣ,” ಅಂದ ಮುನಿರಾಜ, “ಇದು ಆ ಮರಿ ಅಲ್ವಾ?”

ಅದೇ ಮರಿ. ಐದು ವರ್ಷದ ಹಿಂದೆ ಇದೇ ಗೇಟು ಕೂರಿಸುವಾಗ ನಮ್ಮ ಕಾಲಡಿ ಓಡಾಡುತ್ತಿತ್ತು. ನನ್ನದೇ ಶೀಟಿನ ಅಂಚು ತಾಗಿ ಕಿವಿ ಸೀಳಿತ್ತು. ನಾನೇ ಅರಿಶಿನ ಮೆತ್ತಿದ್ದೆ. ಆಗ ಮನೆಯ ಯಜಮಾನರು ಹೇಳಿದ್ದರು: “ನಾಗಣ್ಣ, ಕೆಳಗೆ ಸ್ವಲ್ಪ ಗ್ಯಾಪ್ ಬಿಡಿ. ನಮ್ಮ ಬ್ರೂನೋ ಮಲಗಿಕೊಂಡು ರಸ್ತೆ ನೋಡ್ಲಿ.” ಮರಿಯ ಮೂತಿ ಹಿಡಿದು ಅಳತೆ ತೆಗೆದೆ. ಮೂರು ಬೆರಳು. ನಾಳೆ ದೊಡ್ಡದಾಗುತ್ತದಲ್ಲ ಅಂತ ಒಂದು ಬೆರಳು ಸೇರಿಸಿ ನಾಲ್ಕು ಬಿಟ್ಟೆ.

ಒಳಗಿನಿಂದ ಹೊರಗೆ ನೋಡಲು ಬಿಟ್ಟ ಸಂದು ಅದು. ಈಗ ನಾಯಿ ಹೊರಗಿನಿಂದ ಒಳಗೆ ನೋಡುತ್ತಿತ್ತು. ಅದನ್ನೂ ನಾನೇ ಮುಚ್ಚಿದ್ದೆ.

ಲೇಔಟಿನ ಸೆಕ್ಯುರಿಟಿಯವನನ್ನು ಕೇಳಿದೆ. ಆ ಮನೆಯವರು ಎರಡು ತಿಂಗಳ ಹಿಂದೆ ಖಾಲಿ ಮಾಡಿ ಸಿಟಿಯ ಫ್ಲ್ಯಾಟಿಗೆ ಹೋದರಂತೆ. ಹೋಗುವಾಗ ನಾಯಿಯನ್ನೂ ಕಾರಿಗೆ ಹತ್ತಿಸಿದ್ದನ್ನು ಅವನು ನೋಡಿದ್ದ. “ಎಂಟು ದಿನದಿಂದ ಇಲ್ಲೇ ಐತೆ ಸಾರ್. ಎಲ್ಲಿಂದ ಬಂತೋ. ಯಾರು ಬಿಸ್ಕತ್ ಹಾಕಿದ್ರೂ ಮೂಸಲ್ಲ. ಬೀದಿ ನಾಯಿಗಳು ತಿಂದ್ಕೊಂಡು ಹೋಗ್ತವೆ.”

ಎತ್ತಿ ಆಟೋದಲ್ಲಿ ಮಲಗಿಸಿಕೊಂಡು ಬಂದೆವು. ಎತ್ತಿಸಿಕೊಂಡಿತು. ಅಷ್ಟು ದೊಡ್ಡ ನಾಯಿ, ಅಷ್ಟು ಹಗುರ.

ನನ್ನ ಹೆಂಡತಿ ಮಂಜುಳ ಅವತ್ತು ಕೋಳಿ ಬೇಯಿಸಿ ಅನ್ನಕ್ಕೆ ಕಲಸಿದಳು. ತಟ್ಟೆ ಇಟ್ಟಳು. ನಾಯಿ ತಟ್ಟೆಯ ಮುಂದೆ ನೆಟ್ಟಗೆ ಕೂತಿತು. ಅಷ್ಟೇ. ತಿನ್ನಲಿಲ್ಲ. ಮರುದಿನ ಮೊಸರನ್ನ. ತಿನ್ನಲಿಲ್ಲ. ಮೊಟ್ಟೆ. ತಿನ್ನಲಿಲ್ಲ. ನೀರು ಮಾತ್ರ ಎರಡು ಗುಟುಕು.

ಪಶು ಆಸ್ಪತ್ರೆಯ ಡಾಕ್ಟರು ಬಂದು ಬಾಯಿ ತೆರೆಸಿ ನೋಡಿದರು. ಹುಣ್ಣಿಲ್ಲ, ಜ್ವರ ಇಲ್ಲ. ಡ್ರಿಪ್ ಹಾಕಿದರು. “ರೋಗ ಏನೂ ಕಾಣ್ತಿಲ್ಲ ನಾಗಣ್ಣ. ಆದ್ರೆ ಹೊಟ್ಟೆಗೆ ಹೋಗದಿದ್ರೆ ಈ ಮೈ ಬಹಳ ದಿನ ತಡೆಯಲ್ಲ. ನಾಳೆ, ನಾಡಿದ್ದು ನೋಡೋಣ.”

ನೋಡಲು ಬಂದವರೆಲ್ಲ ಒಂದೇ ಮಾತು ಹೇಳಿದರು. ಯಜಮಾನನ ಕೊರಗು. ಅನ್ನ ಬಿಟ್ಟಿದೆ. ನಿಯತ್ತು ಅಂದರೆ ಇದು. ಇಬ್ಬರು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡರು. ನಾನೂ ಹಾಗೇ ನಂಬಿದೆ. ನಾಯಿಯ ದುಃಖ ನೋಡುವುದರಲ್ಲಿ ನಮಗೂ ಒಂದು ಥರ ಸಮಾಧಾನ ಇರುತ್ತದೆ, ಅಲ್ಲವೇ? ನಾವು ಅಂಥವರಲ್ಲ ಅನ್ನುವ ಸಮಾಧಾನ.

ಮಂಜುಳ ಮಾತ್ರ ಒಪ್ಪಲಿಲ್ಲ.

“ರೀ, ಕೊರಗೂ ಅಲ್ಲ ಏನೂ ಅಲ್ಲ. ಜೊಲ್ಲು ನೋಡ್ರಿ, ನೆಲ ಎಲ್ಲ ಒದ್ದೆ ಆಗೈತೆ. ಅದಕ್ಕೆ ತಿನ್ನಬೇಕು ಅಂತ ಐತೆ. ಯಾಕೋ ತಿಂತಿಲ್ಲ.”

ನಿಜ. ಕಣ್ಣು ತಟ್ಟೆಯ ಮೇಲೆ ಇರಲಿಲ್ಲ. ನಮ್ಮ ಬಾಯಿಯ ಮೇಲಿತ್ತು. ಸರಿ, ಹೇಳಿ ನೋಡೋಣ ಅಂತ ಶುರು ಮಾಡಿದೆವು. ‘ತಿನ್ನಪ್ಪ’ ಅಂದೆ. ‘ಈಟ್’ ಅಂದಳು ಮಗಳು. ಮುನಿರಾಜ ‘ಖಾವೋ’ ಅಂದ. ಮಂಜುಳ ಮಾಲೂರಿನ ಕಡೆಯವಳು, ‘ತಿನು ನಾಯ್ನಾ’ ಅಂತ ತೆಲುಗಿನಲ್ಲಿ ಬೇಡಿಕೊಂಡಳು. ಓಕೆ ಅಂದೆವು, ಕಮಾನ್ ಅಂದೆವು, ಬ್ರೂನೋ ಅಂತ ಕರೆದೆವು. ಹೆಸರಿಗೆ ಕಿವಿ ನಿಮಿರಿತು. ಮೂತಿ ಬಗ್ಗಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನಕ್ಕೆ ಅದಕ್ಕೆ ಕೂರುವುದೂ ಕಷ್ಟವಾಗಿತ್ತು. ಮುಂಗಾಲು ನಡುಗುತ್ತಿದ್ದವು. ಆದರೂ ತಟ್ಟೆ ಇಟ್ಟ ಕೂಡಲೇ ಎದ್ದು ನೆಟ್ಟಗೆ ಕೂತಿತು. ನಾನು ಗೋಡೆಗೆ ಒರಗಿ ಕೂತುಬಿಟ್ಟೆ. ಮುನಿರಾಜ ಊಟದ ಡಬ್ಬಿ ಮುಚ್ಚಿ, ನಾಯಿಯನ್ನು ನೋಡಿ, ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡ.

“ಬಿಡಣ್ಣ,” ಅಂದ. “ಇನ್ನೇನೈತೆ. ಗೋವಿಂದ.”

ನಾಯಿಯ ಮೂತಿ ತಟ್ಟೆಯೊಳಗಿತ್ತು.

ಮೊದಲು ನೆಕ್ಕಿತು. ಆಮೇಲೆ ಬಾಚಿ ಬಾಚಿ ತಿಂದಿತು. ತಟ್ಟೆ ಜರುಗಿ ಜರುಗಿ ಗೋಡೆಗೆ ತಾಗಿತು. ಮುನಿರಾಜ ಟವೆಲ್ ಹೆಗಲಿಗೆ ಹಾಕಿಕೊಂಡು ತಟ್ಟೆಯ ಹತ್ತಿರ ಬಗ್ಗಿದ.

“ಇದೇನಣ್ಣ ಇದು? ನಾನು ಸತ್ತೋಗುತ್ತೆ ಅಂತ ಹೇಳಿದ್ರೆ ಇದು ಊಟಕ್ಕೆ ಕೂತ್ಕೊಂಡ್ತು.”

ಆಗ ನನಗೆ ಗೃಹಪ್ರವೇಶ ನೆನಪಾಯಿತು. ಗೇಟು ಚೆನ್ನಾಗಿದೆ ಅಂತ ಆ ಯಜಮಾನರು ನನ್ನನ್ನೂ ಕರೆದು ಪಂಕ್ತಿಯಲ್ಲಿ ಎಲೆ ಹಾಕಿಸಿದ್ದರು. ಬೆಳಗ್ಗಿನಿಂದ ಹಸಿದಿದ್ದೆ. ಅನ್ನ ಬಿದ್ದ ಕೂಡಲೇ ಕೈ ಹಾಕಿದೆ. ಪಕ್ಕದವರು ಮೆಲ್ಲಗೆ, “ಸ್ವಲ್ಪ ತಡೀರಿ,” ಅಂದರು. ಸಾಲಿನಲ್ಲಿ ಯಾರ ಕೈಯೂ ಎಲೆ ಮುಟ್ಟಿರಲಿಲ್ಲ. ನನ್ನದೊಂದೇ ಅನ್ನದೊಳಗೆ. ಕಿವಿ ಬಿಸಿಯಾಯಿತು. ಎಲ್ಲರಿಗೂ ಬಡಿಸಿ ಆದ ಮೇಲೆ ಆ ಮನೆಯ ಅಜ್ಜಿ ಬಂದು ಗಟ್ಟಿಯಾಗಿ ‘ಗೋವಿಂದಾ’ ಅಂದರು. ಸಾಲೆಲ್ಲ ‘ಗೋವಿಂದ’ ಅಂತು. ಆಮೇಲೆ ಊಟ. ಬಾಗಿಲ ಪಕ್ಕ ಕಟ್ಟಿದ್ದ ಮರಿಯೂ ನೋಡುತ್ತಿತ್ತು.

ನಾನು ಆ ಪಾಠ ಒಂದು ದಿನ ಕಲಿತೆ. ನಾಯಿ ಐದು ವರ್ಷ, ದಿನಕ್ಕೆರಡು ಹೊತ್ತು ಕಲಿತಿತ್ತು.

ಸಂಜೆ ಖಾತ್ರಿ ಮಾಡಿಕೊಳ್ಳೋಣ ಅಂತ ಮತ್ತೆ ತಟ್ಟೆ ಇಟ್ಟೆವು. ಮುನಿರಾಜ ‘ರಾಮ’ ಅಂದ. ಇಲ್ಲ. ‘ಶಿವ’ ಅಂದ. ಇಲ್ಲ. ‘ಗೋವಿಂದ’. ತಿಂದಿತು. “ಪಾರ್ಟಿ ಬದಲಾಯಿಸೋ ಪೈಕಿ ಅಲ್ಲ ಬಿಡಣ್ಣ ಇದು,” ಅಂದ. ಆ ನಾಲ್ಕು ದಿನದಲ್ಲಿ ಶೆಡ್ಡಿನಲ್ಲಿ ಯಾರಾದರೂ ನಕ್ಕದ್ದು ಅದೇ ಮೊದಲು.

ಹಳೆಯ ನಂಬರು ಹುಡುಕಿ ಆ ಯಜಮಾನರಿಗೆ ಫೋನ್ ಮಾಡಿದೆ. ಬೈಯಲೇಬೇಕು ಅಂತಲೇ ಮಾಡಿದ್ದು. ಅವರು ನನ್ನ ದನಿ ಗುರುತು ಹಿಡಿದು ಚೆನ್ನಾಗಿಯೇ ಮಾತಾಡಿದರು. ಫ್ಲ್ಯಾಟಿನಲ್ಲಿ ದೊಡ್ಡ ನಾಯಿಗೆ ಒಪ್ಪಲಿಲ್ಲವಂತೆ. ಒಂದೂವರೆ ತಿಂಗಳು ಹೇಗೋ ಇಟ್ಟುಕೊಂಡು, ಆಮೇಲೆ ಹೊಸಕೋಟೆಯ ಆಚೆ ಗುರುತಿನವರ ತೋಟಕ್ಕೆ ಕೊಟ್ಟರಂತೆ. “ನಾವೇನು ಬೀದಿಗೆ ಬಿಟ್ಟಿಲ್ಲ ನಾಗಣ್ಣ. ಅವ್ರು ವಾರಕ್ಕೇ ಕಂಪ್ಲೇಂಟ್ ಮಾಡಿದ್ರು, ನಾಯಿ ಏನೂ ತಿನ್ನಲ್ಲ, ಹಠಮಾರಿ, ಅಂತ. ಒಂದಿನ ಹಗ್ಗ ಬಿಚ್ಚಿ ಬಿಟ್ಟಿದಾರೆ. ಹೊರಟೋಯ್ತಂತೆ.”

“ಊಟಕ್ಕೆ ಮುಂಚೆ ಗೋವಿಂದ ಅನ್ನಬೇಕು ಅಂತ ಅವ್ರಿಗೆ ಹೇಳಿದ್ರಾ ಸಾರ್?”

“ಅಯ್ಯೋ,” ಅಂದರು. “ಅದು ನಮ್ಮ ತಾಯಿ ಅಭ್ಯಾಸ ಮಾಡ್ಸಿದ್ದು. ಅವ್ರು ಹೋದ ಮೇಲೂ ಮನೇಲಿ ಹಂಗೇ ನಡೀತಿತ್ತು. ಹೇಳಬೇಕು ಅಂತ ತಲೆಗೇ ಬರಲಿಲ್ಲ ನಾಗಣ್ಣ. ಮರ್ತೇ ಹೋಯ್ತು.”

ತೋಟದವರಿಗೆ ಬೆಲ್ಟು ಕೊಟ್ಟಿದ್ದರು. ಊಟದ ಬಟ್ಟಲು ಕೊಟ್ಟಿದ್ದರು. ಸೂಜಿ ಹಾಕಿಸಿದ ಕಾರ್ಡು ಕೊಟ್ಟಿದ್ದರು. ಒಂದು ಮಾತು ಕೊಟ್ಟಿರಲಿಲ್ಲ. “ವಾಪಸ್ ಕರ್ಕೊಂಡು ಹೋಗ್ತೀರಾ ಸಾರ್?” ಅಂತ ಕೇಳಿದೆ. ಫ್ಲ್ಯಾಟಿನ ರೂಲ್ಸು ಮತ್ತೊಮ್ಮೆ ಹೇಳಿದರು.

ಬೈಯಬೇಕು ಅಂತ ಹೋದವನು ಬೈಯದೆ ಫೋನು ಇಟ್ಟೆ. ಯಾಕೆ ಅಂದರೆ ಅಷ್ಟರಲ್ಲಿ ನನಗೆ ಇನ್ನೊಂದು ನಾಯಿ ನೆನಪಾಗಿತ್ತು.

ಹೋದ ವರ್ಷ ಒಂದು ಕರಿ ನಾಯಿಯನ್ನು ವಾಸಿ ಮಾಡಿ ಹೊಸಕೋಟೆಯ ಒಂದು ಮನೆಗೆ ಕೊಟ್ಟಿದ್ದೆ. ತಿಂಗಳಿಗೇ ವಾಪಸ್ ತಂದುಬಿಟ್ಟರು. “ಕಿವುಡು ನಾಯಿ ಕೊಟ್ಟಿದೀರ. ಕರೆದ್ರೆ ತಿರುಗಿಯೂ ನೋಡಲ್ಲ,” ಅಂದರು. ಶೆಡ್ಡಿನ ಮುಂದೆಯೇ ಅವರಿಗೆ ಛೀಮಾರಿ ಹಾಕಿದ್ದೆ. ನಾಯಿ ಸಾಕುವ ಯೋಗ್ಯತೆ ಇಲ್ಲ ಅಂದಿದ್ದೆ. ನನ್ನ ಶೆಡ್ಡಿನಲ್ಲಿ ನಾಯಿಗಳನ್ನು ಊಟಕ್ಕೆ ಕರೆಯುವುದು ಹೇಗೆ ಗೊತ್ತೇ? ಸರಳಿಗೆ ಸುತ್ತಿಗೆಯಿಂದ ಎರಡು ಏಟು. ಟಣ್, ಟಣ್. ಎಲ್ಲವೂ ಓಡಿ ಬರುತ್ತವೆ. ಆ ಕರಿ ನಾಯಿಗೆ ಗೊತ್ತಿದ್ದ ಒಂದೇ ಕರೆ ಅದು. ಅವರ ಮನೆಯಲ್ಲಿ ಸರಳು ಎಲ್ಲಿತ್ತು, ಸುತ್ತಿಗೆ ಎಲ್ಲಿತ್ತು? ನಾನು ಹೇಳಿದ್ದೆನಾ?

ಫ್ಲ್ಯಾಟಿನ ಯಜಮಾನರಿಗೂ ನನಗೂ ವ್ಯತ್ಯಾಸ ಎಷ್ಟು ಅಂತ ಅಳತೆ ಟೇಪು ಹಿಡಿದು ನೋಡಿದೆ. ನಾಲ್ಕು ಬೆರಳೂ ಬರಲಿಲ್ಲ.

ಕರಿ ನಾಯಿ ವಾಪಸ್ ತಂದಿದ್ದ ಹೊಸಕೋಟೆಯವರಿಗೆ ಫೋನ್ ಮಾಡಿ, ತಪ್ಪು ನಂದು, ಅಂದೆ. ಗಿರಾಕಿಗೆ ನಾನು ಇವತ್ತಿನವರೆಗೆ ಆ ಮಾತು ಹೇಳಿದವನಲ್ಲ. ಹೇಳುವ ಹಾಗೆ ಕೆಲಸ ಮಾಡಿದವನೂ ಅಲ್ಲ.

ಬ್ರೂನೋ ಈಗ ದೇವನಹಳ್ಳಿ ಕಡೆ ಒಂದು ಮನೆಯಲ್ಲಿದೆ. ನರ್ಸ್ ಆಗಿ ರಿಟೈರ್ ಆದ ಫಿಲೋಮಿನಾ ಮೇಡಂ ಮತ್ತು ಅವರ ತಂಗಿ ಇಬ್ಬರೇ ಇರುವ ಮನೆ. ನೋಡಲು ಬಂದಾಗ ನಾನು ಕೈ ಕೈ ಹಿಸುಕಿಕೊಂಡೇ ಹೇಳಿದೆ: “ಮೇಡಂ, ಒಂದು ವಿಷಯ. ಇದಕ್ಕೆ ಊಟ ಹಾಕಿದಾಗ ಗೋವಿಂದ ಅನ್ನಬೇಕು. ಇಲ್ಲದಿದ್ರೆ ತಿನ್ನಲ್ಲ. ನಿಮ್ಮ ಮನೇಲಿ ಅದು…”

ಅವರು ಕೊರಳಿನ ಶಿಲುಬೆ ಸರಿಮಾಡಿಕೊಂಡು ನಾಯಿಯ ಮೂತಿ ಹಿಡಿದು ನೋಡಿದರು, ಪೇಷೆಂಟ್ ನೋಡುವ ಹಾಗೆ. “ಎಷ್ಟೋ ಜನಕ್ಕೆ ಎಷ್ಟೋ ದೇವರ ಹೆಸರು ಹೇಳಿ ಮಾತ್ರೆ ನುಂಗಿಸಿದೀನಿ ನಾಗಣ್ಣ. ಇದಕ್ಕೆ ಹೇಳೋಕೆ ನನಗೇನು? ಉಚ್ಚಾರ ಸರಿ ಇದೆಯಾ ಹೇಳಿ.”

ಮೊನ್ನೆ ಅವರ ಮನೆಗೆ ಗೇಟು ಕೂರಿಸಿ ಬಂದೆ. ಕೆಳಗೆ ನಾಲ್ಕು ಬೆರಳು ಸಂದು. ಊಟದ ಹೊತ್ತಾಗಿತ್ತು. ಮೇಡಂ ತಟ್ಟೆ ಇಟ್ಟರು. ಬ್ರೂನೋ ನೆಟ್ಟಗೆ ಕೂತು ಅವರ ಬಾಯಿ ನೋಡಿತು. ಪ್ರಾರ್ಥನೆ ಮುಗಿಸಿದ ದನಿಯಲ್ಲೇ ಅವರು ‘ಗೋವಿಂದ’ ಅಂದರು.

ಕಳೆದುಹೋದದ್ದಕ್ಕೆ, ಕೈಬಿಟ್ಟದ್ದಕ್ಕೆ, ಇನ್ನು ಆಸೆ ಇಲ್ಲ ಅನ್ನುವುದಕ್ಕೂ ನಾವು ಗೋವಿಂದ ಅನ್ನುತ್ತೇವೆ. ಮುನಿರಾಜ ಅಂದದ್ದೂ ಆ ಅರ್ಥದಲ್ಲೇ. ನಾಯಿಗೆ ಗೊತ್ತಿದ್ದದ್ದು ಒಂದೇ ಅರ್ಥ: ಎಲ್ಲರಿಗೂ ಬಡಿಸಿ ಆಯಿತು, ಇನ್ನು ನೀನೂ ತಿನ್ನು.

ಕೈಬಿಟ್ಟೆವು ಅನ್ನುವ ಆ ಇನ್ನೊಂದು ಅರ್ಥವನ್ನು ಅದಕ್ಕೆ ಕಲಿಸಲು ಹೋದವರು ನಾವೇ ಅಲ್ಲವೇ?