ದಪ್ಪ ಕೋಲಿನ ಪೆಟ್ಟು

ನನ್ನ ಮೊಮ್ಮಗಳು ಡಿಜೆ ಎಂದು ಹೇಳುವಾಗ ಈಗಲೂ ನನ್ನ ಎದೆ ಉಬ್ಬಿ ಬರುತ್ತದೆ. ನಾನು ಮೂರನೇ ಕ್ಲಾಸಿಗೆ ಸ್ಲೇಟು ಬಿಟ್ಟು ತಮಟೆ ಹಿಡಿದವನು. ಚಿಕ್ಕಜಾಲದ ಸುತ್ತಮುತ್ತ ಮದುವೆಗೂ ಸಾವಿಗೂ ನಾನೇ ಬಡಿಯುತ್ತಿದ್ದೆ. ಪಕ್ಕದಲ್ಲಿ ನನ್ನ ಮಗ, ಅವಳ ಅಪ್ಪ, ನನಗಿಂತ ಚೆನ್ನಾಗಿ ಬಡಿಯುತ್ತಿದ್ದ. ಕಾಮಾಲೆಯಲ್ಲಿ ಹೋಗಿಬಿಟ್ಟ.

ಉಳಿದದ್ದು ಮೊಮ್ಮಗಳ ಮೊಬೈಲಿನ ಒಂದು ವಿಡಿಯೊ. ಅದರಲ್ಲಿ ಅವನು ಬಡಿಯುವುದು ಕಾಣುತ್ತದೆ, ಆದರೆ ಮೊಬೈಲಿನ ಸ್ಪೀಕರಿನಲ್ಲಿ ಸದ್ದು ತಗಡು ಕೆರೆದ ಹಾಗೆ. ಬಲಗೈಯ ದಪ್ಪ ಕೋಲಿನ ಪೆಟ್ಟು ಕೇಳುವುದೇ ಇಲ್ಲ. ನನ್ನ ಕಿವಿಯೂ ಮಂದ. ಆ ಪೆಟ್ಟನ್ನು ಇನ್ನೊಂದು ಸಲ ಕೇಳಬೇಕು ಎಂಬುದೊಂದೇ ನನಗಿದ್ದ ಆಸೆ.

ಯಲಹಂಕದ ಛತ್ರವೊಂದರಲ್ಲಿ ಹಾಡು ಹಾಕುವ ಕೆಲಸ ಅವಳಿಗೆ ಮೊದಲ ಸಲ ಸಿಕ್ಕಿತ್ತು. ಪರಿಚಯದ ಅಂಗಡಿಯವರು ಇಡೀ ಕಿವಿ ಮುಚ್ಚುವಂಥ ಮೂರು ವೈರ್‌ಲೆಸ್ ಹೆಡ್‌ಫೋನು ಕೊಟ್ಟು, ಒಂದು ಇಟ್ಟುಕೊಂಡು ಎರಡನ್ನು ಸಂಜೆಯೊಳಗೆ ವಾಪಸ್ ತಾ ಅಂದಿದ್ದರು. ಯಾವುದಾದರೂ ಒಂದಕ್ಕೆ ಮಾತ್ರ ನಮ್ಮ ದುಡ್ಡು ಸಾಲುತ್ತಿತ್ತು.

"ತಾತ, ನೀನೇ ಕೇಳಿ ಹೇಳು. ಬೇಸ್ ವಿಷ್ಯ ನಿಂಗಿಂತ ಯಾರಿಗ್ ಗೊತ್ತು?"

ಮೊದಲನೆಯದು ಬೊದಬೊದ ಅಂದಿತು. ಚರ್ಮ ಸಡಿಲವಾಗಿದೆ ಅಂದುಕೊಂಡೆ. ಅವಳು ಕಾಫಿಗೆ ಒಳಗೆ ಹೋದಾಗ ಬಿಗಿಯಾಗಲಿ ಎಂದು ಅದನ್ನು ಬಿಸಿಲಿಗೆ ಒರಗಿಸಿಟ್ಟೆ.

"ಅಯ್ಯೋ ತಾತ, ಇದೇನ್ ತಮಟೇನಾ ಕಾಯ್ಸಕ್ಕೆ?"

"ಕಾಯ್ಸ್ದೆ ಇದ್ರೆ ಯಾವ್ದು ನುಡೀತೈತೆ ಯೋಳವ್ವ?"

"ಸದ್ಯ, ಒಲೆಗ್ ಇಡ್ಲಿಲ್ವಲ್ಲ!"

ಇಬ್ಬರೂ ನಕ್ಕೆವು.

ಎರಡನೆಯದನ್ನು ಹಾಕಿ ವಿಡಿಯೊ ಬಿಟ್ಟಳು. ದಪ್ಪ ಕೋಲು ನೇರ ನನ್ನ ಎದೆಗೇ ಬಡಿಯಿತು. ಅವನೇ. ನನ್ನ ಮಗನೇ. ಕಣ್ಣು ತುಂಬಿ ಹರಿಯಿತು. ಒರೆಸಿಕೊಂಡು ನೋಡಿದರೆ, ಕೋಲು ಚರ್ಮಕ್ಕೆ ತಾಗಿದ ಮೇಲೆ ಸದ್ದು ಒಂದು ಚೂರು ತಡವಾಗಿ ಬರುತ್ತಿತ್ತು. ಅದಕ್ಕೆ ವೈರ್ ಚುಚ್ಚುವ ತೂತೂ ಇರಲಿಲ್ಲ. ಮೂರನೆಯದಕ್ಕೆ ಇತ್ತು. ಅವಳು ವೈರ್ ಚುಚ್ಚಿ ಕೊಟ್ಟಾಗ ಆ ತಡ ಹೋಯಿತು, ಕೈಯೂ ಸದ್ದೂ ಒಟ್ಟಿಗೇ ಬಿದ್ದವು. ಆದರೆ ನನ್ನ ಮಗ ಅದರಲ್ಲಿ ಎಲ್ಲೋ ದೂರದ ಬೀದಿಯಲ್ಲಿ ಬಡಿದ ಹಾಗಿತ್ತು.

"ಯಾವ್ದು ತಾತ?"

ಎರಡನೆಯದು ಇನ್ನೂ ನನ್ನ ಮಡಿಲಲ್ಲೇ ಇತ್ತು. ಅದೇ ಅಂದಿದ್ದರೆ ಅವಳು ಅದನ್ನೇ ಇಟ್ಟುಕೊಳ್ಳುತ್ತಿದ್ದಳು.

"ಮೂರ್ನೇದು ಕಣವ್ವ. ಈ ಎಲ್ಡ್ನೇದ್ರಲ್ಲಿ ಸದ್ದು ಇಂದೆ ಬೀಳ್ತೈತೆ. ನೀನು ಒಂದ್ ಆಡಿನ್ ತಾಳಕ್ಕೆ ಇನ್ನೊಂದ್ ಆಡು ಜೋಡ್ಸೋಳು. ಇಂದೆ ಬಿದ್ರೆ ಜನ ನಗ್ತಾರೆ."

ಅವಳು ನನ್ನ ಮುಖವನ್ನೇ ನೋಡಿದಳು. "ಅಪ್ಪ ಇದ್ರಲ್ಲೇ ಚೆನ್ನಾಗ್ ಕೇಳಿಸ್ತಾನಾ?"

"ಊಂ."

"ಹಂಗಾದ್ರೆ ಇದೇ ಇರ್ಲಿ ಬಿಡು ತಾತ."

"ಬ್ಯಾಡ. ತಾಳ ತಪ್ಪಿದ್ರೆ ನಿಮ್ಮಪ್ಪ ನನ್ನೇ ಬಯ್ಯೋನು, ನಿನ್ನ ಬಿಡ್ತಿದ್ನಾ?"

ಸಂಜೆ ಉಳಿದೆರಡನ್ನು ವಾಪಸ್ ಕೊಡಲು ನಾನೂ ಜೊತೆಗೆ ಹೋದೆ. ಅಂಗಡಿಯವರ ಹತ್ತಿರ ಇನ್ನೊಂದೇ ಒಂದು ಸಲ ಎಂದು ಕೇಳಿಕೊಂಡೆ. ಗಿರಾಕಿಗಳ ನಡುವೆ ನಿಂತು ಎರಡನೆಯದನ್ನು ಕಿವಿಗೆ ಹಾಕಿ ಕಣ್ಣು ಮುಚ್ಚಿದೆ. ಕಣ್ಣು ಮುಚ್ಚಿದರೆ ಸದ್ದು ಹಿಂದೆ ಬೀಳುವುದಿಲ್ಲ. ಮಗ ಪಕ್ಕದಲ್ಲೇ ಬಡಿದ. ನನ್ನ ಬಲಗೈ ತೊಡೆಯ ಮೇಲೆ ತಾನಾಗಿಯೇ ಅವನ ಜೊತೆ ಬಿತ್ತು. ವಿಡಿಯೊ ಮುಗಿದ ಮೇಲೂ ಎರಡು ಪೆಟ್ಟು ಹಾಕಿದೆ. ಆಮೇಲೆ ತೆಗೆದು, ನಾನೇ ಡಬ್ಬದೊಳಗಿಟ್ಟು ಮುಚ್ಚಿದೆ.