ಎದುರು ಬಾರದ ಮುಖ

ಪುಂಡಲೀಕ ಬದುಕಿದ್ದಾಗ ಮನೆಗೆ ಬಂದವರಿಗೆಲ್ಲ ಒಂದು ಮಾತು ಹೇಳುತ್ತಿದ್ದ. ಕೆಲಸ ಕೇಳಲು ಅವನು ಮೊದಲ ಸಲ ದಾಂಡೇಲಿಯ ಕಾಗದದ ಮಿಲ್ಲಿಗೆ ಹೊರಟಿದ್ದ ದಿನ, ಹೊಸ ಮದುಮಗಳು ಗೋದುಬಾಯಿ ತುಂಬಿದ ಕೊಡ ಹೊತ್ತುಕೊಂಡು ನಳದ ಕಡೆಯಿಂದ ಎದುರು ಬಂದಿದ್ದಳು.

"ಇಕಿ ಮಾರಿ ಎದುರು ಬಂತು ನೋಡ್ರಿ, ಮಿಲ್ಲಿನ ಗೇಟು ತಾನಾಗೇ ತಗೀತು!" ಎಂದು ಮೀಸೆಯೊಳಗೇ ನಗುತ್ತಿದ್ದ.

ಗೋದುಬಾಯಿ ಆ ಮಾತನ್ನು ಒಡವೆಯಂತೆ ಜೋಪಾನ ಮಾಡಿದ್ದಳು. ಒಂದು ದಿನ ಮಿಲ್ಲಿನ ಕಟ್ಟಿಗೆ ಅಂಗಳದಲ್ಲಿ ಎದೆ ಹಿಡಿದುಕೊಂಡು ಕುಳಿತ ಪುಂಡಲೀಕ ಮತ್ತೆ ಮೇಲೇಳಲಿಲ್ಲ. ಅಂದಿನಿಂದ ಅವಳ ಆ ಒಡವೆಯೂ ಹೋಯಿತು. ಓಣಿಯಲ್ಲಿ ಯಾರಾದರೂ ಒಳ್ಳೆಯ ಕೆಲಸಕ್ಕೆ ಹೊರಟರೆ ಅವಳೇ ಕದ ಮುಂದೆ ಮಾಡಿಕೊಳ್ಳುತ್ತಿದ್ದಳು. ಹಾಗೆ ಮಾಡೆಂದು ಯಾರೂ ಹೇಳಿರಲಿಲ್ಲ. ಹೇಳಿಸಿಕೊಳ್ಳುವ ಮೊದಲೇ ಸರಿದುಬಿಡುವುದು ಮೇಲು ಎಂದು ಅವಳೇ ತಿಳಿದಿದ್ದಳು.

ಇದ್ದವಳೊಬ್ಬಳೇ ಮಗಳು, ಸ್ವಪ್ನಾ. ಬಂಗೂರನಗರದ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದ್ದಳು. ಹಳಿಯಾಳದ ಒಂದು ಸೊಸೈಟಿಯವರು ಗುಮಾಸ್ತೆ ಕೆಲಸಕ್ಕೆ ಇಂಟರ್‌ವ್ಯೂಗೆ ಕರೆದರು. ಅಸಲು ಮಾರ್ಕ್ಸ್ ಕಾರ್ಡು ತರಬೇಕು, ಹೊತ್ತಿಗೆ ಸರಿಯಾಗಿ ಬರಬೇಕು ಎಂದಿದ್ದರು. ತಾಯಿ ನಾಲ್ಕು ಮನೆಯ ಪಾತ್ರೆ ತಿಕ್ಕುವುದು ಈ ಕೆಲಸ ಸಿಕ್ಕರೆ ತಪ್ಪುತ್ತದೆಂದು ಸ್ವಪ್ನಾ ಹಟ ಹಿಡಿದು ತಯಾರಿಗೆ ಕೂತಳು.

ಕನ್ನಡಿ ಮುಂದೆ ಮಾತಾಡಿ ಮಾತಾಡಿ ಬೇಸರವಾಗಿ ತಾಯಿಯನ್ನೇ ಕುರ್ಚಿಯಲ್ಲಿ ಕೂಡಿಸಿದಳು.

"ಅವ್ವಾ, ನೀನು ಸಾಹೇಬ್ರು. ನನ್ನ ಪ್ರಶ್ನಿ ಕೇಳು."

ಗೋದುಬಾಯಿ ಸೆರಗು ಸರಿಮಾಡಿಕೊಂಡು ಗಂಭೀರಳಾದಳು. "ಏನವಾ, ನಿನ್ನ ಹೆಸರೇನು?"

"ಸ್ವಪ್ನಾ ಅಂತ ರೀ."

"ಅಡಿಗಿ-ಗಿಡಿಗಿ ಬರ್ತೈತೇನು?"

"ಅಯ್ಯ ಅವ್ವಾ! ಇದು ಕನ್ಯಾ ನೋಡೂದಲ್ಲ!"

"ನನ್ನ ಜನ್ಮದಾಗ ನನ್ನ ಕೂಡಿಸಿ ಕೇಳಿದ್ದು ಅದೊಂದ ಸಲ ಬಿಡವಾ. ಮತ್ತೇನ್ ಕೇಳಲಿ?" ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಲೇ ಗೋದುಬಾಯಿ, "ಅಪ್ಪ ಏನ್ ಮಾಡ್ತಾರು?" ಎಂದುಬಿಟ್ಟಳು. ಆಟ ಅಲ್ಲಿಗೇ ನಿಂತಿತು.

ಇಂಟರ್‌ವ್ಯೂದ ಹಿಂದಿನ ಸಂಜೆ ಗೋದುಬಾಯಿ ತಂಬಿಗೆಯಲ್ಲಿ ಕೆಂಡ ತುಂಬಿ ಮಗಳ ನೀಲಿ ಚೂಡಿದಾರವನ್ನು ಒಂದು ಗೆರೆಯಿಲ್ಲದಂತೆ ತೀಡಿದಳು. ಮಾರ್ಕ್ಸ್ ಕಾರ್ಡುಗಳನ್ನು ಸ್ವಪ್ನಾ ಚೀಲದಲ್ಲಿಟ್ಟು ಮಲಗಿದ್ದಳು. ಮನೆಯಲ್ಲಿ ಇಲಿಕಾಟ. ಗೋದುಬಾಯಿಗೆ ಜೀವ ತಡೆಯಲಿಲ್ಲ. ಅವನ್ನು ತೆಗೆದು ಮತ್ತೆ ಟ್ರಂಕಿನಲ್ಲಿಟ್ಟು, ಬೆಳಿಗ್ಗೆ ಕೊಟ್ಟರಾಯಿತೆಂದು ಕೀಲಿ ಹಾಕಿ, ಕೀಲಿಕೈಯನ್ನು ಎಂದಿನಂತೆ ಟೊಂಕಕ್ಕೆ ಸಿಕ್ಕಿಸಿಕೊಂಡಳು.

ಬೆಳಿಗ್ಗೆ ಮಗಳು ಸ್ನಾನಕ್ಕಿಳಿದಾಗ ಪಕ್ಕದ ಮನೆಯ ಮುದಕವ್ವನ ಬಾಗಿಲಿಗೆ ಹೋದಳು. ಮುದಕವ್ವ ಮುತ್ತೈದೆ.

"ಅಕ್ಕಾ, ನನ್ನ ಮಗಳು ಹೊಂಡೂ ಮುಂದ ತುಂಬಿದ ಕೊಡ ಹಿಡಕೊಂಡು ಎದುರು ಬಾ ತಾಯಿ."

"ಬರ್ತೇನಿ. ನೀ ಎಲ್ಲಿಗೆ ಹೊಂಟಿ?"

"ನನ್ನ ಮಾರಿ ಅಕಿ ಕಣ್ಣಿಗೆ ಬೀಳಬಾರದು."

ಮೊಸಳೆಯ ಭಯಕ್ಕೆ ಈಗ ಯಾರೂ ಬಟ್ಟೆ ಒಗೆಯಲು ಹೋಗದ ಕಾಳಿ ಹೊಳೆಯ ದಂಡೆಗೆ ಹೋಗಿ ಮೇಲಿನ ಕಲ್ಲೊಂದರ ಮೇಲೆ ಕುಳಿತಳು. ಈಗ ಜಡೆ ಹಾಕಿಕೊಂಡಿರಬೇಕು, ಈಗ ಅವಲಕ್ಕಿ ತಿಂದಿರಬೇಕು, ಮುದಕವ್ವ ಕೊಡ ಎತ್ತಿರಬೇಕು ಎಂದು ಮನಸ್ಸಿನಲ್ಲೇ ಮಗಳ ಜೊತೆ ನಡೆದಳು. ಬಸ್ಸು ಹೊರಟಿರಬೇಕು ಅನ್ನಿಸಿದಾಗ ಎಲೆ-ಅಡಿಕೆಯ ಸಂಚಿಗೆಂದು ಟೊಂಕಕ್ಕೆ ಕೈ ಹಾಕಿದಳು. ಕೈಗೆ ತಣ್ಣನೆಯ ಕೀಲಿಕೈ ತಾಗಿತು.

ಅವಳು ಹೇಗೆ ಓಡಿದಳೋ ಅವಳಿಗೇ ತಿಳಿಯದು. ಓಣಿಗೆ ಬಂದಾಗ ಕಲ್ಲಿನ ಏಟು ಕೇಳಿಸುತ್ತಿತ್ತು. ಮುದಕವ್ವ ಟ್ರಂಕಿನ ಕೀಲಿ ಜಜ್ಜುತ್ತಿದ್ದಳು. ಪುಂಡಲೀಕ ಹುಡುಕಿ ತಂದಿದ್ದ ಗಟ್ಟಿ ಕೀಲಿ ಅದು, ಬಗ್ಗಿರಲಿಲ್ಲ. ಚೀಲದಲ್ಲಿ ಕಾರ್ಡು ಕಾಣದೆ ಸ್ವಪ್ನಾ ನಳ, ಗುಡಿ, ಕಿರಾಣಿ ಅಂಗಡಿ ಎಲ್ಲ ಕಡೆ ತಾಯಿಯನ್ನು ಹುಡುಕಿ ಬಂದು ಬೆವರಿ ನಿಂತಿದ್ದಳು. ನೀಲಿ ಚೂಡಿದಾರ ಮುದ್ದೆಯಾಗಿತ್ತು. ಗೋದುಬಾಯಿ ಕೀಲಿ ತೆಗೆದ ಕೂಡಲೇ ಮಗಳು ಕಾಗದ ತೆಗೆದುಕೊಂಡು ಓಡಿದಳು.

ಮುಂದಿನ ಬಸ್ಸಿಗೆ ಹಳಿಯಾಳ ಮುಟ್ಟಿದಾಗ ಸೊಸೈಟಿಯ ಜವಾನ ಕುರ್ಚಿಗಳನ್ನು ಒಳಗೆ ಇಡುತ್ತಿದ್ದನಂತೆ. "ಮುಗೀತಲ್ಲವಾ, ಸಾಹೇಬ್ರು ಹೋದ್ರು" ಎಂದನಂತೆ.

ಸಂಜೆ ಸ್ವಪ್ನಾ ಇಷ್ಟನ್ನು ಹೇಳಿ ಗೋಡೆಗೆ ಒರಗಿದಳು. ಮುದಕವ್ವ ಗಲ್ಲಕ್ಕೆ ಕೈಯಿಟ್ಟಳು. "ಅಲ್ಲಾ, ನಿಮ್ಮವ್ವ ಎದುರು ಬರಲಿಲ್ಲ, ನಾ ತುಂಬಿದ ಕೊಡ ಹಿಡದು ನಿಂತಿದ್ದೆ. ಮತ್ಯಾವ ಅಪಶಕುನ ಅಡ್ಡ ಬಂತು ಇದಕ್ಕ?"

"ನಮ್ಮವ್ವ ಎದುರು ಬರಲಿಲ್ಲಲ್ಲ ಅತ್ತಿ, ಅದ ಅಪಶಕುನ" ಎಂದಳು ಸ್ವಪ್ನಾ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ಗೋದುಬಾಯಿ ತಡೆದುಕೊಳ್ಳುತ್ತಿದ್ದಳು.

ಆ ಕೆಲಸ ಬೇರೆಯವರಿಗಾಯಿತು. ಸ್ವಪ್ನಾ ಈಗ ದಾಂಡೇಲಿ ಪೇಟೆಯ ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತು ಸೀರೆ ಬಿಚ್ಚಿ ಮಡಚುತ್ತಾಳೆ. "ನಾಳಿಂದ ಬರ್ತಿ?" ಎಂದು ಕೇಳಿದ್ದೇ ಅಲ್ಲಿನ ಇಂಟರ್‌ವ್ಯೂ. ಗೋದುಬಾಯಿ ಪಾತ್ರೆ ತಿಕ್ಕುವುದು ತಪ್ಪಿಲ್ಲ. ಟ್ರಂಕಿನ ಕೀಲಿಕೈ ಬಾಗಿಲ ಪಕ್ಕದ ಮೊಳೆಯಲ್ಲಿ ತೂಗುತ್ತದೆ.

ದಿನಾ ಬೆಳಿಗ್ಗೆ ಸ್ವಪ್ನಾ ಚಪ್ಪಲಿ ಮೆಟ್ಟಿ, "ಅವ್ವಾ, ಹೊರಗ ಬಾ. ನಾ ಹೊಂಟೇನಿ" ಎಂದು ಕರೆದು ನಿಲ್ಲುತ್ತಾಳೆ. ಗೋದುಬಾಯಿ ಅಡಿಗೆಮನೆಯ ಬಾಗಿಲವರೆಗೆ ಬಂದು ಚೌಕಟ್ಟು ಹಿಡಿದುಕೊಳ್ಳುತ್ತಾಳೆ. ಅಲ್ಲಿಂದ ಮುಂದಕ್ಕೆ ಕಾಲು ಬರುವುದಿಲ್ಲ. "ಹೋಗಿ ಬಾ ನನ್ನವ್ವಾ" ಎಂದು ಒಳಗಿನಿಂದಲೇ ಹೇಳುತ್ತಾಳೆ. ಸ್ವಪ್ನಾ ಇನ್ನೊಂದಿಷ್ಟು ನಿಂತು ಹೊರಡುತ್ತಾಳೆ.

ಹೆಜ್ಜೆಯ ಸದ್ದು ದೂರವಾದ ಮೇಲೆ ಗೋದುಬಾಯಿ ಕಟ್ಟೆಗೆ ಬಂದು, ಓಣಿ ತಿರುಗುವವರೆಗೂ ಮಗಳ ಬೆನ್ನು ನೋಡುತ್ತಾಳೆ. ಬೆನ್ನು ನೋಡಿದರೆ ದೋಷವಿಲ್ಲ.